ಹೋಂಗಾರ್ಡ್ ಮೇಲೆ ಕೈ ಮಾಡಿದರೆ ಠಾಣೆಯಲ್ಲಿ ರಾಜಿ ಇಲ್ಲ
ಓದುಗರ ಪ್ರಶ್ನೆಗಳಿಗೆ ಕಾನೂನಿನ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೋಂಗಾರ್ಡ್‌ಗಳ ವಿಷಯವೇ ಜಾಸ್ತಿ. ಕೆಲವನ್ನು ಅವರೇ ಬರೆದಿದ್ದಾರೆ, ಒಂದನ್ನು ಮನೆಯವರು ಬರೆದಿದ್ದಾರೆ, ಇನ್ನೊಂದು ಅವರ ಮೇಲೆ ಸಿಟ್ಟಾದವರದ್ದು. ಹಾಗಾಗಿ ಜಮೀನಿನ ಪಾಲು, ಚೆಕ್ ಬೌನ್ಸ್ ಪ್ರಶ್ನೆಗಳನ್ನೆಲ್ಲ ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇನೆ.

ಹೊಸ ಓದುಗರಿಗಾಗಿ ಒಂದು ಮಾತು. ನಾನು ಕಾರವಾರ, ಶಿರಸಿ, ಹೊನ್ನಾವರದ ಕೋರ್ಟುಗಳಲ್ಲಿ ಸರ್ಕಾರಿ ಅಭಿಯೋಜಕಿಯಾಗಿ ಕೆಲಸ ಮಾಡಿ ನಿವೃತ್ತಳಾದವಳು. ಈಗ ಕುಮಟಾದಲ್ಲಿ ಇದ್ದೇನೆ. ಸಾಕ್ಷಿ ಹೇಳಲು ಬಂದ ಎಷ್ಟೋ ಹೋಂಗಾರ್ಡ್‌ಗಳನ್ನು ಹತ್ತಿರದಿಂದ ನೋಡಿದ್ದೇನೆ. ಒಬ್ಬರು ಗಾರೆ ಕೆಲಸ ಬಿಟ್ಟು ಬಂದಿರುತ್ತಿದ್ದರು, ಇನ್ನೊಬ್ಬರು ಅಡಿಕೆ ಕೊಯ್ಲಿನ ಮಧ್ಯೆ ಬಂದಿರುತ್ತಿದ್ದರು. ಅವರ ಬಗ್ಗೆ ನನಗೆ ಗೌರವವಿದೆ. ಅದನ್ನು ಬದಿಗಿಟ್ಟು ಬರೆಯಲು ನನ್ನಿಂದ ಆಗುವುದಿಲ್ಲ.

ಪ್ರಶ್ನೆ: ಮೇಡಂ, ನಾನು ಹೋಂಗಾರ್ಡ್. ಗೋಕರ್ಣದ ಕಡೆಯ ಒಂದು ಬೀಚಿನಲ್ಲಿ ಡ್ಯೂಟಿ ಹಾಕಿದ್ದರು. ಕೆಂಪು ಬಾವುಟ ಇದ್ದರೂ ಒಂದು ಗುಂಪು ನೀರಿಗೆ ಇಳಿಯಿತು. ಸೀಟಿ ಊದಿ ಕರೆದೆ. ಅವರಲ್ಲಿ ಒಬ್ಬ ಬಂದು ಎದೆಗೆ ಕೈ ಹಾಕಿ ನೂಕಿದ. ಅಂಗಿ ಹರಿಯಿತು, ಬಂಡೆಗೆ ಬಿದ್ದು ಮೊಣಕೈ ಒಡೆಯಿತು. ಕಂಪ್ಲೇಂಟ್ ಕೊಡಲು ಹೋದರೆ, 'ನೀನೇನು ಪೊಲೀಸಾ? ಅವರ ಹತ್ರ ಸಾರಿ ಹೇಳಿಸ್ತೇವೆ, ರಾಜಿ ಮಾಡಿಕೊಂಡು ಹೋಗು' ಎಂದರು. ಕಾನೂನಿನಲ್ಲಿ ನಮಗೆ ಏನೂ ಬೆಲೆ ಇಲ್ಲವಾ?
- ಹೆಸರು ಬೇಡ ಎಂದವರು

ಉತ್ತರ: ಇದೆ ತಮ್ಮಾ, ಪೂರ್ತಿ ಬೆಲೆ ಇದೆ. ನಿಮಗೆ ಹೇಳಿದ್ದು ತಪ್ಪು.

ನಮ್ಮ ರಾಜ್ಯದಲ್ಲಿ ಗೃಹರಕ್ಷಕ ದಳಕ್ಕೆ, ಅಂದರೆ ಹೋಂಗಾರ್ಡ್‌ಗಳಿಗೆ, 1962ರ ಕಾಯ್ದೆ ಇದೆ. ಡ್ಯೂಟಿಗೆ ಕರೆಸಿಕೊಂಡ ಹೊತ್ತಿನಲ್ಲಿ ಒಬ್ಬ ಗೃಹರಕ್ಷಕನಿಗೆ ಪೊಲೀಸರಿಗೆ ಇರುವ ಅಧಿಕಾರವೂ ರಕ್ಷಣೆಯೂ ಇರುತ್ತದೆ ಎಂಬುದೇ ಅದರ ತಿರುಳು. ಆ ಹೊತ್ತಿಗೆ ಅವನು ಸಾರ್ವಜನಿಕ ನೌಕರ. ಉಳಿದ ದಿನ ಗಾರೆ ಕೆಲಸ ಮಾಡುತ್ತೀರೋ, ಆಟೋ ಓಡಿಸುತ್ತೀರೋ, ಅದನ್ನು ಕಾನೂನು ಕೇಳುವುದಿಲ್ಲ. ಆ ಸಂಜೆ ನೀವು ಡ್ಯೂಟಿಯಲ್ಲಿ ಇದ್ದಿರಾ ಎಂಬುದೊಂದೇ ಪ್ರಶ್ನೆ.

ಇದ್ದಿರಿ ಎಂದಾದರೆ ಅಲ್ಲಿ ಆದದ್ದು ಸುಮ್ನೆ ತಳ್ಳಾಟ ಅಲ್ಲ. ಸಾರ್ವಜನಿಕ ನೌಕರನ ಕೆಲಸ ತಡೆಯಲು ಬಲ ಬಳಸಿದರೆ ಭಾರತೀಯ ನ್ಯಾಯ ಸಂಹಿತೆಯ 132ನೇ ಕಲಂ ಬರುತ್ತದೆ. ಎರಡು ವರ್ಷದವರೆಗೆ ಜೈಲು. ಗಾಯ ಮಾಡಿದರೆ 121ನೇ ಕಲಂ, ಐದು ವರ್ಷದವರೆಗೆ. ಮೂಳೆ ಮುರಿದಿದ್ದರೆ ಕಡಿಮೆ ಎಂದರೆ ಒಂದು ವರ್ಷ, ಹೆಚ್ಚೆಂದರೆ ಹತ್ತು ವರ್ಷ. ಹಳೆಯ ಕಾಯ್ದೆಯಲ್ಲಿ, ಅಂದರೆ ಐಪಿಸಿಯಲ್ಲಿ, 353, 332 ಎನ್ನುತ್ತಿದ್ದೆವಲ್ಲ, 2024ರ ಜುಲೈ 1ರಿಂದ ಅವುಗಳ ನಂಬರ್ ಇವು. ನಿಮ್ಮ ಮೊಣಕೈಯಿಂದ ರಕ್ತ ಬಂದಿದೆ. ಹಾಗಾಗಿ ಎರಡನ್ನೂ ಹಾಕಬೇಕು.

ಈಗ ರಾಜಿಯ ವಿಷಯ. ಯಾವ ಅಪರಾಧವನ್ನು ಇಬ್ಬರೂ ಕೂಡಿ ರಾಜಿ ಮಾಡಿಕೊಳ್ಳಬಹುದು ಎಂದು ನಾಗರಿಕ ಸುರಕ್ಷಾ ಸಂಹಿತೆಯಲ್ಲಿ (ಹಳೆಯ ಸಿಆರ್‌ಪಿಸಿಯ ಜಾಗಕ್ಕೆ ಬಂದದ್ದು) ಪಟ್ಟಿಯೇ ಇದೆ. ಈ ಎರಡು ಕಲಂ ಆ ಪಟ್ಟಿಯಲ್ಲಿ ಇಲ್ಲ. ಠಾಣೆಯ ಬೆಂಚಿನ ಮೇಲೆ ಕೂತು ಕೈ ಕುಲುಕಿಸಿ ಮುಗಿಸುವ ಅಧಿಕಾರ ಅಲ್ಲಿ ಯಾರಿಗೂ ಇಲ್ಲ. ಎಫ್‌ಐಆರ್ ಹಾಕಲೇಬೇಕು. ಹಾಕದಿದ್ದರೆ ನಡೆದದ್ದನ್ನೆಲ್ಲ ಬರೆದು ಕಾರವಾರದ ಎಸ್‌ಪಿ ಕಚೇರಿಗೆ ಅಂಚೆಯಲ್ಲಿ ಕಳಿಸಿ. ಅದೇ ಸುರಕ್ಷಾ ಸಂಹಿತೆಯ 173ನೇ ಕಲಮಿನಲ್ಲೇ ಈ ದಾರಿ ಇದೆ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟು. ಒಂದು ಎಚ್ಚರಿಕೆ ಹೇಳುತ್ತೇನೆ. ಕೆಲವು ಕಡೆ ಬರೀ ನ್ಯಾಯ ಸಂಹಿತೆಯ 221ನೇ ಕಲಂ, ಅಂದರೆ ಕೆಲಸಕ್ಕೆ ಅಡ್ಡಿ ಎಂದಷ್ಟೇ ಬರೆದು ಕಳಿಸುತ್ತಾರೆ. ಅದಕ್ಕೆ ನೌಕರನೋ ಅವನ ಮೇಲಧಿಕಾರಿಯೋ ನೇರವಾಗಿ ಕೋರ್ಟಿಗೆ ಲಿಖಿತ ದೂರು ಕೊಡಬೇಕು. ಪೊಲೀಸರ ಚಾರ್ಜ್‌ಶೀಟ್ ಮೇಲೆ ಕೋರ್ಟು ಅದನ್ನು ಎತ್ತಿಕೊಳ್ಳುವುದಿಲ್ಲ. ಕೇಸು ಅಲ್ಲೇ ಬಿದ್ದುಹೋಗುತ್ತದೆ.

ಇಷ್ಟೆಲ್ಲ ಇದ್ದೂ ಇಂಥ ಕೇಸುಗಳು ಯಾಕೆ ಸೋಲುತ್ತವೆ ಗೊತ್ತಾ? ನಾನು ನಡೆಸಿದ ಒಂದು ಪ್ರಕರಣದಲ್ಲಿ ಜಾತ್ರೆ ಬಂದೋಬಸ್ತಿಗೆ ನಿಂತ ಹೋಂಗಾರ್ಡ್ ಒಬ್ಬರ ತಲೆಗೆ ಏಟು ಬಿದ್ದಿತ್ತು. ಗಾಯದ ಸರ್ಟಿಫಿಕೇಟ್ ಇತ್ತು, ನೋಡಿದವರು ಇದ್ದರು. ಪಾಟಿ ಸವಾಲಿನಲ್ಲಿ ಆರೋಪಿಯ ವಕೀಲರು ಕೇಳಿದ್ದು ಒಂದೇ ಪ್ರಶ್ನೆ: 'ಆ ದಿನ ನಿಮ್ಮನ್ನು ಡ್ಯೂಟಿಗೆ ಕರೆದ ಆದೇಶ ಎಲ್ಲಿ?' ಫೈಲಿನಲ್ಲಿ ಅದು ಇರಲಿಲ್ಲ. ಹಾಜರಿ ಪುಸ್ತಕದ ಪ್ರತಿಯನ್ನೂ ಯಾರೂ ತಂದಿರಲಿಲ್ಲ. ಹೊಡೆದದ್ದಕ್ಕೆ ದಂಡ ಬಿತ್ತು. ಸಾರ್ವಜನಿಕ ನೌಕರನಿಗೆ ಹೊಡೆದ ಆರೋಪ ಬಿದ್ದುಹೋಯಿತು. ಆ ಮನುಷ್ಯ ಕೋರ್ಟಿನ ಮೆಟ್ಟಿಲ ಮೇಲೆ ನಿಂತು, 'ಹಾಗಾದ್ರೆ ನಾನು ಅಲ್ಲಿ ಯಾಕೆ ನಿಂತಿದ್ದೆ ಅಕ್ಕಾ?' ಎಂದು ಕೇಳಿದರು. ಕಾನೂನು ಕೊಟ್ಟ ರಕ್ಷಣೆಯನ್ನು ಒಂದು ಹಾಳೆ ಕಾಗದದ ಕೊರತೆ ಕಿತ್ತುಕೊಂಡಿತ್ತು.

ಹಾಗಾಗಿ ನಾಳೆಯೇ ಘಟಕಾಧಿಕಾರಿಯ ಹತ್ತಿರ ಹೋಗಿ. ಆ ದಿನದ ನಿಯೋಜನೆ ಆದೇಶ, ನಿಮ್ಮ ಸಹಿ ಇರುವ ಹಾಜರಿಯ ಪ್ರತಿ ತೆಗೆದುಕೊಳ್ಳಿ. ಕೊಡಲು ಹಿಂದೆಮುಂದೆ ನೋಡಿದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುವಾಗ 'ಬಿದ್ದೆ' ಎನ್ನಬೇಡಿ, 'ಡ್ಯೂಟಿಯಲ್ಲಿದ್ದಾಗ ನೂಕಿದರು' ಎಂದು ಬರೆಸಿ. ಹರಿದ ಅಂಗಿ ತೊಳೆಯಬೇಡಿ, ಹೊಲಿಸಬೇಡಿ. ಮುಂದೆ ಪ್ರತಿ ಸಲ ಡ್ಯೂಟಿಗೆ ಹೊರಡುವ ಮೊದಲು ಆದೇಶದ ಫೋಟೋ ಮೊಬೈಲಿನಲ್ಲಿ ಇರಲಿ.

2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ಕು ಹುಡುಗಿಯರನ್ನು ಮುರುಡೇಶ್ವರದ ಕಡಲು ಎಳೆದುಕೊಂಡಿತು. ಅದನ್ನು ಕಂಡ ಈ ಜಿಲ್ಲೆಯಲ್ಲಿ, ನೀರಿಗೆ ಇಳಿಯಬೇಡಿ ಎಂದವನ ಅಂಗಿ ಹರಿಯುವುದನ್ನು ಸಣ್ಣ ವಿಷಯ ಎಂದು ಯಾರೂ ಹೇಳಬಾರದು.

ಪ್ರಶ್ನೆ: ನಾನು ಹೋಂಗಾರ್ಡ್ ಅಲ್ಲ. ಅದೇ ಕಡಲ ತೀರದಲ್ಲಿ ಗುತ್ತಿಗೆ ಮೇಲೆ ಜೀವರಕ್ಷಕ. ನನಗೂ ಇದೇ ರಕ್ಷಣೆ ಇದೆಯೇ?
- ಓದುಗ, ಮುರುಡೇಶ್ವರ

ಉತ್ತರ: 1962ರ ಕಾಯ್ದೆ ನಿಮಗೆ ಅನ್ವಯಿಸುವುದಿಲ್ಲ. ಆದರೆ ಸರ್ಕಾರದಿಂದ ಸಂಬಳ ಪಡೆಯುವವರೂ, ಸರ್ಕಾರದ ಸಾರ್ವಜನಿಕ ಕೆಲಸಕ್ಕೆ ಶುಲ್ಕ ಪಡೆಯುವವರೂ ನ್ಯಾಯ ಸಂಹಿತೆಯ ಪ್ರಕಾರ ಸಾರ್ವಜನಿಕ ನೌಕರರೇ. ನಿಮ್ಮ ನೇಮಕದ ಪತ್ರ ಯಾರು ಕೊಟ್ಟದ್ದು, ದುಡ್ಡು ಯಾರ ಖಾತೆಯಿಂದ ಬರುತ್ತದೆ, ಇವೆರಡರ ಮೇಲೆ ಉತ್ತರ ನಿಂತಿದೆ. ಖಾಸಗಿ ಕಂಪನಿಯ ಪತ್ರವಾದರೆ ವಾದ ಕಷ್ಟ. ಪತ್ರದ ಪ್ರತಿ ಕಳಿಸಿ, ನೋಡಿ ಹೇಳುತ್ತೇನೆ.

ಪ್ರಶ್ನೆ: ಕುಮಟಾದಿಂದ ಹೊನ್ನಾವರಕ್ಕೆ ಬೈಕಿನಲ್ಲಿ ಹೋಗುವಾಗ ಹೆದ್ದಾರಿಯಲ್ಲಿ ಒಬ್ಬ ಹೋಂಗಾರ್ಡ್ ಅಡ್ಡ ಬಂದು ಗಾಡಿಯ ಕೀಲಿ ಕಿತ್ತುಕೊಂಡ. ಹೆಲ್ಮೆಟ್ ಇಲ್ಲ, ಐನೂರು ಕೊಡು ಎಂದ. ಹತ್ತಿರ ಯಾವ ಎಸ್‌ಐ ಕೂಡ ಇರಲಿಲ್ಲ. ಇವರಿಗೆ ಇಷ್ಟು ಅಧಿಕಾರ ಕೊಟ್ಟವರು ಯಾರು?
- ಓದುಗ, ಕುಮಟಾ

ಉತ್ತರ: ಯಾರೂ ಕೊಟ್ಟಿಲ್ಲ. ಕೀಲಿ ಕಿತ್ತುಕೊಳ್ಳಿ ಎಂದು ಮೋಟಾರು ವಾಹನ ಕಾಯ್ದೆಯಲ್ಲಿ ಎಲ್ಲಿಯೂ ಬರೆದಿಲ್ಲ. ಖಾಯಂ ಪೊಲೀಸರಿಗೂ ಆ ಅಧಿಕಾರ ಇಲ್ಲ. ಸ್ಥಳದಲ್ಲೇ ದಂಡ ಕಟ್ಟಿಸಿಕೊಳ್ಳುವ ಅಧಿಕಾರ 200ನೇ ಕಲಮಿನಂತೆ ಸರ್ಕಾರ ಅಧಿಸೂಚನೆಯಲ್ಲಿ ಹೇಳಿದ ಅಧಿಕಾರಿಗೆ ಮಾತ್ರ. ಕಟ್ಟಿದ ಪ್ರತಿ ರೂಪಾಯಿಗೂ ರಸೀದಿ ಸಿಗಬೇಕು. ಅಧಿಕಾರಿ ಇಲ್ಲದೆ, ರಸೀದಿ ಇಲ್ಲದೆ ಒಬ್ಬ ಹೋಂಗಾರ್ಡ್ ದುಡ್ಡು ಕೇಳಿದರೆ ಅದು ಲಂಚ. ಎದೆಯ ಮೇಲಿನ ಹೆಸರು, ಸ್ಥಳ, ಸಮಯ ಬರೆದು ಜಿಲ್ಲಾ ಸಮಾದೇಷ್ಟರಿಗೂ (ಜಿಲ್ಲೆಯ ಹೋಂಗಾರ್ಡ್‌ಗಳ ಕಮಾಂಡೆಂಟ್) ಎಸ್‌ಪಿಗೂ ದೂರು ಕೊಡಿ. ಇಂಥ ಒಬ್ಬರಿಂದಾಗಿ ಬಿಸಿಲಲ್ಲಿ ನಿಂತ ಉಳಿದವರೆಲ್ಲ ಬೈಗುಳ ತಿನ್ನುತ್ತಾರೆ.

ಆದರೆ ಟ್ರಾಫಿಕ್ ಡ್ಯೂಟಿಯಲ್ಲಿ ಇರುವವರು ಕೈ ತೋರಿಸಿ ನಿಲ್ಲಿಸಿದರೆ ನಿಲ್ಲಿಸಲೇಬೇಕು. ಸಂಚಾರ ನಿಯಂತ್ರಿಸುವ ಪೊಲೀಸರು ಹೇಳಿದಂತೆ ನಡೆಯಬೇಕು ಎಂದು 119ನೇ ಕಲಂ ಹೇಳುತ್ತದೆ. ಡ್ಯೂಟಿಗೆ ಕರೆಸಿಕೊಂಡ ಹೋಂಗಾರ್ಡ್ ಆ ಹೊತ್ತಿಗೆ ಪೊಲೀಸರಿಗೆ ಸಮ. ಅಂದ ಹಾಗೆ, ಹೆಲ್ಮೆಟ್ ಇತ್ತೋ ಇಲ್ಲವೋ ನೀವು ಬರೆದಿಲ್ಲ. ದಯವಿಟ್ಟು ಹಾಕಿಕೊಳ್ಳಿ.

ಪ್ರಶ್ನೆ: ಅಕ್ಕಾ, ಶಿರಸಿ ಮಾರಿಕಾಂಬಾ ಜಾತ್ರೆಯಲ್ಲಿ ನನಗೆ ಬಿಡಕಿಬೈಲಿನ ಹತ್ತಿರ ಡ್ಯೂಟಿ ಇತ್ತು. ಸರ ಕದ್ದರು ಎಂದು ಕೂಗಾಟ ಆಯಿತು. ಜನ ಒಬ್ಬ ಹೆಂಗಸನ್ನು ಹಿಡಿದು ಕೊಟ್ಟರು. ನಾನು ಅವಳ ಚೀಲ ಬಿಚ್ಚಿ ನೋಡಿದೆ, ಏನೂ ಸಿಗಲಿಲ್ಲ. ಈಗ ಅವಳ ಮನೆಯವರು ನನ್ನ ಮೇಲೆ ಕೇಸು ಹಾಕುತ್ತೇವೆ ಎನ್ನುತ್ತಿದ್ದಾರೆ. ನನಗೆ ಮನೆಯಲ್ಲಿ ನಿದ್ದೆ ಇಲ್ಲ.
- ಮಹಿಳಾ ಗೃಹರಕ್ಷಕಿ, ಶಿರಸಿ ತಾಲ್ಲೂಕು

ಉತ್ತರ: ಮೊದಲು ನಿದ್ದೆ ಮಾಡಿ. ಡ್ಯೂಟಿಯಲ್ಲಿ ಮಾಡಿದ ಕೆಲಸಕ್ಕೆ ಗೃಹರಕ್ಷಕರ ಮೇಲೆ ಮೊಕದ್ದಮೆ ನಡೆಸಬೇಕಾದರೆ ಮೊದಲೇ ಮಂಜೂರಾತಿ ಪಡೆಯಬೇಕು. ಯಾರೋ ಸಿಟ್ಟಿನಲ್ಲಿ ಹೇಳಿದ ಮಾತ್ರಕ್ಕೆ ನಿಮ್ಮನ್ನು ಕಟಕಟೆಗೆ ಎಳೆಯಲು ಬರುವುದಿಲ್ಲ. ನೀವು ಅವಳಿಗೆ ಹೊಡೆದಿಲ್ಲ, ಬೈದಿಲ್ಲ. ಜನರ ಕೈಯಿಂದ ಬಿಡಿಸಿಕೊಂಡಿದ್ದೀರಿ. ಆ ನೂಕುನುಗ್ಗಲಲ್ಲಿ ಅದೇ ದೊಡ್ಡ ಕೆಲಸ.

ಆದರೆ ಚೀಲ ಬಿಚ್ಚಿದ್ದು ಸರಿಯಾ ಎಂದರೆ, ಅಲ್ಲ. ನಮ್ಮವರಿಗೆ ಕೊಡುವ ತರಬೇತಿಯಲ್ಲಿ ಕವಾಯತು ಇದೆ, ಬೆಂಕಿ ಆರಿಸುವುದು ಇದೆ, ಪ್ರಥಮ ಚಿಕಿತ್ಸೆ ಇದೆ. ಎಲ್ಲಿ ಕೈ ಹಾಕಬಾರದು ಎಂಬುದನ್ನು ಇನ್ನೂ ಬಿಡಿಸಿ ಹೇಳಬೇಕು. ಪೊಲೀಸರ ಅಧಿಕಾರ ನಿಮಗೆ ಇದೆ ಎಂದರೆ ಪೊಲೀಸರಿಗಿರುವ ಕಟ್ಟುಪಾಡೂ ನಿಮಗೆ ಇದೆ. ಮೈ ತಪಾಸಣೆ ಮಾಡುವುದು ಬಂಧನ ಆದ ಮೇಲೆ. ಹೆಂಗಸಿನ ತಪಾಸಣೆಯನ್ನು ಹೆಂಗಸೇ ಮಾಡಬೇಕು, ಅದೂ ಪೂರ್ತಿ ಮರ್ಯಾದೆಯಿಂದ. ಸಂಜೆ ಕತ್ತಲಾದ ಮೇಲೆ, ಬೆಳಗಾಗುವ ಮೊದಲು, ತೀರಾ ಅನಿವಾರ್ಯ ಇಲ್ಲದಿದ್ದರೆ ಹೆಂಗಸನ್ನು ಬಂಧಿಸುವಂತೆಯೇ ಇಲ್ಲ. ಅನಿವಾರ್ಯವಾದರೂ ಮಹಿಳಾ ಅಧಿಕಾರಿ ಬರಬೇಕು, ಮ್ಯಾಜಿಸ್ಟ್ರೇಟ್ ಅನುಮತಿ ಬೇಕು.

ಹಾಗಾಗಿ ಇನ್ನು ಮುಂದೆ ಹೀಗಾದರೆ ಆ ವ್ಯಕ್ತಿಯ ಪಕ್ಕದಲ್ಲೇ ನಿಂತುಕೊಳ್ಳಿ, ಜನರನ್ನು ಹಿಂದೆ ಸರಿಸಿ, ಜಾತ್ರೆಯ ಹೊರಠಾಣೆಗೆ ಕರೆದುಕೊಂಡು ಹೋಗಿ ಒಪ್ಪಿಸಿ. ಎಷ್ಟು ಗಂಟೆಗೆ, ಯಾರಿಗೆ ಒಪ್ಪಿಸಿದಿರಿ ಎಂದು ಬರೆಸಿ. ನಿಮ್ಮ ಹೆಸರಿನ ಪಟ್ಟಿ ಎದೆಯ ಮೇಲೆ ಕಾಣುವಂತೆ ಇರಲಿ. ಬಂಧಿಸುವ ಪೊಲೀಸರ ಹೆಸರು ಸ್ಪಷ್ಟವಾಗಿ ಕಾಣಬೇಕು ಎಂದು ಕಾನೂನಿದೆ.

ಮಾಮೂಲಿ ನಾಗರಿಕರಿಗೂ, ಕಣ್ಣೆದುರು ಗಂಭೀರ ಅಪರಾಧ ನಡೆದರೆ ಹಿಡಿಯುವ ಹಕ್ಕಿದೆ. ಹಿಡಿದ ಮೇಲೆ ತಡ ಮಾಡದೆ, ಆರು ಗಂಟೆಯೊಳಗೆ ಪೊಲೀಸರಿಗೆ ಕೊಡಬೇಕು. ಡ್ಯೂಟಿ ಮುಗಿಸಿ ಮನೆಗೆ ಹೋಗುವ ದಾರಿಯಲ್ಲಿ ನಿಮಗಿರುವುದು ಇಷ್ಟೇ. ಖಾಕಿ ಮೈಮೇಲೆ ಇದ್ದರೂ ಇಷ್ಟೇ.

ಪ್ರಶ್ನೆ: ಇಂಗ್ಲೆಂಡಿನಲ್ಲಿ ಬಿಡುವಿನ ವೇಳೆಯಲ್ಲಿ ಕೆಲಸ ಮಾಡುವ ಪೊಲೀಸರಿಗೂ ಪೂರ್ತಿ ಅಧಿಕಾರ ಇದೆಯಂತೆ. ನಮ್ಮ ಹೋಂಗಾರ್ಡ್‌ಗಳಿಗೂ ಹಾಗೇ ಕೊಟ್ಟುಬಿಟ್ಟರೆ ಆಗದೆ? ಖಾಯಂ ಯಾಕೆ ಮಾಡುತ್ತಿಲ್ಲ?
- ಕಾನೂನು ವಿದ್ಯಾರ್ಥಿ, ಕಾರವಾರ

ಉತ್ತರ: ಇಂಗ್ಲೆಂಡಿನ ಸ್ಪೆಷಲ್ ಕಾನ್‌ಸ್ಟೆಬಲ್‌ಗಳ ಬಗ್ಗೆ ನೀವು ಹೇಳಿದ್ದು ನಿಜ. 1831ರಷ್ಟು ಹಿಂದೆಯೇ ಅಲ್ಲಿ ಅದಕ್ಕೊಂದು ಕಾಯ್ದೆ ಬಂದಿತ್ತು. ಸಂಬಳ ಇಲ್ಲ, ಆದರೆ ಖಾಯಂ ಕಾನ್‌ಸ್ಟೆಬಲ್‌ಗಿರುವ ಅಧಿಕಾರವೆಲ್ಲ ಇದೆ. ನನಗೆ ಹಿಡಿಸಿದ್ದು ಇನ್ನೊಂದು. 2022ರಲ್ಲಿ ಅಲ್ಲಿಯ ಸಂಸತ್ತು ಕಾನೂನು ಬದಲಿಸಿ, ಅವರೂ ಪೊಲೀಸ್ ಫೆಡರೇಷನ್ ಸೇರಬಹುದು ಎಂದಿತು. ಅಂದರೆ ಡ್ಯೂಟಿಯಲ್ಲಿ ತೊಂದರೆಯಾದರೆ ಪರವಾಗಿ ನಿಲ್ಲುವ ಒಂದು ಸಂಘ ಸಿಕ್ಕಿತು. ಅಧಿಕಾರ ಮೊದಲೇ ಇತ್ತು, ಬೆನ್ನಿಗೆ ನಿಲ್ಲುವವರು ಆಮೇಲೆ ಬಂದರು.

ನಮ್ಮಲ್ಲೂ ಕೊರತೆ ಇರುವುದು ಅಲ್ಲೇ. ಈ ದಳ ಹುಟ್ಟಿದ್ದು 1946ರ ಡಿಸೆಂಬರ್‌ನಲ್ಲಿ, ಗಲಭೆ ನಡೆಯುತ್ತಿದ್ದ ಮುಂಬಯಿಯಲ್ಲಿ. ಆಗ ನಮ್ಮ ಜಿಲ್ಲೆಯೂ ಮುಂಬಯಿ ಪ್ರಾಂತ್ಯದಲ್ಲೇ ಇತ್ತು, ಮೈಸೂರಿಗೆ ಸೇರಿದ್ದು 1956ರಲ್ಲಿ. 1962ರಲ್ಲಿ ಚೀನಾ ಯುದ್ಧವಾದ ಮೇಲೆ ದೇಶದ ಎಲ್ಲ ಕಡೆ ದಳವನ್ನು ಮತ್ತೆ ಕಟ್ಟಿದರು. ಆಗಿನ ಲೆಕ್ಕದಲ್ಲಿ ಇದು ಯಾವಾಗಲೋ ಒಮ್ಮೆ ಕರೆಯುವ ಸ್ವಯಂಸೇವೆ. ಈಗ ಹಾಗಿಲ್ಲ. ಬೀಚು, ದೇವಸ್ಥಾನ, ಚುನಾವಣೆ, ಟ್ರಾಫಿಕ್, ಎಲ್ಲ ಕಡೆ ಅವರೇ. ಪ್ರವಾಸೋದ್ಯಮ ಇಲಾಖೆಯ ಪ್ರವಾಸಿ ಮಿತ್ರರೂ ಹೋಂಗಾರ್ಡ್‌ಗಳೇ. 2024ರ ಜುಲೈ 16ಕ್ಕೆ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿ ಮೇಲೆ ಬಿತ್ತು. ತಿಂಗಳು ಕಳೆಯುವ ಮೊದಲೇ, ಆಗಸ್ಟ್ 7ರ ನಸುಕಿನಲ್ಲಿ, ಕಾರವಾರದಲ್ಲಿ ಕಾಳಿ ನದಿಯ ಹಳೆ ಸೇತುವೆ ಕುಸಿಯಿತು. ಇಂಥ ಜಿಲ್ಲೆಯಲ್ಲಿ ಖಾಯಂ ಪೊಲೀಸರೇ ಎಲ್ಲ ಕಡೆ ನಿಲ್ಲಲಿ ಎಂದರೆ ಆಗುತ್ತದಾ?

ಖಾಯಂ ಮಾಡುವ ವಿಷಯ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಹಿಮಾಚಲ ಪ್ರದೇಶದ ಗೃಹರಕ್ಷಕರ ಸಂಘ ಮತ್ತು ಇತರರ ಪ್ರಕರಣದಲ್ಲಿ 2015ರ ಮಾರ್ಚ್‌ನಲ್ಲಿ ತೀರ್ಪು ಬಂತು. ಇವರು ಸ್ವಯಂಸೇವಕರು, ಖಾಯಂ ಮಾಡಿ ಎಂದು ನಾವು ಆದೇಶಿಸುವುದಿಲ್ಲ ಎಂದಿತು ಕೋರ್ಟು. ಆದರೆ ಅದೇ ತೀರ್ಪಿನಲ್ಲಿ, ಮೂವತ್ತು ದಿನದ ಕರ್ತವ್ಯ ಭತ್ಯೆ ಕೂಡಿಸಿದರೆ ಆ ರಾಜ್ಯದ ಪೊಲೀಸರ ಕನಿಷ್ಠ ವೇತನದಷ್ಟು ಆಗಬೇಕು ಎಂದೂ ಹೇಳಿತು. ನಿಮ್ಮ ಕಾಲೇಜಿನ ಅಣಕು ನ್ಯಾಯಾಲಯಕ್ಕೆ ಇದಕ್ಕಿಂತ ಒಳ್ಳೆ ವಿಷಯ ಬೇರೆ ಇಲ್ಲ.

ಇನ್ನೊಂದು ತೀರ್ಪನ್ನೂ ಓದಿ, 2011ರ ಜುಲೈನದ್ದು, ನಂದಿನಿ ಸುಂದರ್ ಪ್ರಕರಣ. ಛತ್ತೀಸ್‌ಗಢದಲ್ಲಿ ಆದಿವಾಸಿ ಹುಡುಗರನ್ನು ವಿಶೇಷ ಪೊಲೀಸ್ ಅಧಿಕಾರಿ ಎಂದು ನೇಮಿಸಿ, ಕೈಗೆ ಬಂದೂಕು ಕೊಟ್ಟು ಮಾವೋವಾದಿಗಳ ಎದುರು ನಿಲ್ಲಿಸಿದ್ದರು. ತಿಂಗಳಿಗೆ ಮೂರು ಸಾವಿರ ಗೌರವಧನ. ತರಬೇತಿ ಸಾಲದು, ಅವರ ಜೀವಕ್ಕೆ ಬೆಲೆ ಇಲ್ಲ, ಇದು ಸಂವಿಧಾನದ 14 ಮತ್ತು 21ನೇ ವಿಧಿಗೆ ವಿರುದ್ಧ ಎಂದು ಕೋರ್ಟು ಅದನ್ನು ನಿಲ್ಲಿಸಿತು. ತರಬೇತಿ ಮತ್ತು ರಕ್ಷಣೆ ಇಲ್ಲದೆ ಬರೀ ಅಧಿಕಾರ ಕೊಟ್ಟರೆ ಬಡವರ ಮಕ್ಕಳನ್ನು ಅಗ್ಗಕ್ಕೆ ಅಪಾಯಕ್ಕೆ ದೂಡಿದಂತೆ. ಈಜು ಕಲಿಸದೆ ಸೊಂಟಕ್ಕೆ ಹಗ್ಗವನ್ನೂ ಕಟ್ಟದೆ ಅಲೆಗೆ ಇಳಿಸಿದ ಹಾಗೆ.

ಹಾಗಾಗಿ ದಂಡ ಹಾಕುವ ಪುಸ್ತಕವನ್ನು ಅವರ ಕೈಗೆ ಕೊಡಿ ಎಂದು ನಾನು ಹೇಳುವುದಿಲ್ಲ. ಡ್ಯೂಟಿಯ ಹೊತ್ತಿನ ಅಧಿಕಾರ ಈಗಾಗಲೇ ಕಾಯ್ದೆಯಲ್ಲಿದೆ, ಸಾಕಷ್ಟಿದೆ. ಬೆಳೆಯಬೇಕಾದ್ದು ರಕ್ಷಣೆ. ಪ್ರತಿ ನಿಯೋಜನೆಯೂ ಹೆಸರು ಸಮೇತ ಬರಹದಲ್ಲಿ ಬರಲಿ, ಒಂದು ಪ್ರತಿ ಅವರ ಕೈಗೆ ಸಿಗಲಿ. ಮನೆಯಿಂದ ಹೊರಟು ಮನೆಗೆ ಮರಳುವವರೆಗಿನ ಹೊತ್ತನ್ನೂ ಡ್ಯೂಟಿ ಎಂದೇ ಕಾಯ್ದೆಯಲ್ಲಿ ಸೇರಿಸಲಿ. ಅವರ ಮೇಲೆ ಕೇಸು ಬಿದ್ದರೆ ಸರ್ಕಾರದ ಖರ್ಚಿನಲ್ಲಿ ವಕೀಲರು ಸಿಗಲಿ. ಈ ಮೂರಕ್ಕಾಗಿ ಶಾಸಕರಿಗೆ ಪತ್ರ ಬರೆಯುವುದಾದರೆ ನನ್ನ ಸಹಿಯೂ ಇರುತ್ತದೆ, ಕಳಿಸಿ.

ಪ್ರಶ್ನೆ: ನಮ್ಮ ಮನೆಯವರು ಹೋಂಗಾರ್ಡ್. ರಾತ್ರಿ ಹೆದ್ದಾರಿಯಲ್ಲಿ ಬ್ಯಾರಿಕೇಡ್ ಹತ್ತಿರ ನಿಂತಿದ್ದಾಗ ಲಾರಿ ಗುದ್ದಿ ನಿಲ್ಲಿಸದೆ ಹೋಯಿತು. ಕಾಲಿನ ಮೂಳೆ ಮುರಿದಿದೆ. ಡ್ಯೂಟಿ ಇಲ್ಲದ ದಿನ ಅವರು ಬಡಗಿ ಕೆಲಸಕ್ಕೆ ಹೋಗುತ್ತಿದ್ದರು, ಈಗ ಎರಡೂ ಇಲ್ಲ. ಸ್ವಯಂಸೇವಕರಿಗೆ ಪರಿಹಾರ ಇಲ್ಲ ಎಂದು ಯಾರೋ ಹೇಳಿದರು. ಹೌದಾ?
- ಗೃಹಿಣಿ, ಅಂಕೋಲಾ ತಾಲ್ಲೂಕು

ಉತ್ತರ: ಇಲ್ಲ ತಂಗೀ, ಹಾಗೆ ಹೇಳಿದವರ ಮಾತು ನಂಬಬೇಡಿ. ರಸ್ತೆ ಅಪಘಾತದ ಪರಿಹಾರಕ್ಕೆ ನೌಕರಿ ಖಾಯಮ್ಮಾ ಎಂದು ಯಾರೂ ಕೇಳುವಂತಿಲ್ಲ.

ಲಾರಿ ಯಾವುದೆಂದು ಗೊತ್ತಾಗದಿದ್ದರೆ ಗುದ್ದಿ ಓಡಿದ ಪ್ರಕರಣದ ಯೋಜನೆ ಇದೆ. 2022ರ ಏಪ್ರಿಲ್ 1ರಿಂದ ತೀವ್ರ ಗಾಯಕ್ಕೆ 50,000 ರೂಪಾಯಿ, ಸಾವಿಗೆ 2 ಲಕ್ಷ. ಮೂಳೆ ಮುರಿತ ಕಾನೂನಿನಲ್ಲಿ ತೀವ್ರ ಗಾಯವೇ. ಅರ್ಜಿಯನ್ನು ತಹಶೀಲ್ದಾರ್ ಕಚೇರಿಯಲ್ಲಿ ಕೊಡಬೇಕು. ಎಫ್‌ಐಆರ್ ಪ್ರತಿ, ಗಾಯದ ಸರ್ಟಿಫಿಕೇಟ್, ಆಧಾರ್, ಬ್ಯಾಂಕ್ ಪಾಸ್‌ಬುಕ್ ಜೊತೆಗಿರಲಿ.

ಆದರೆ ಅಷ್ಟಕ್ಕೇ ಬಿಡಬೇಡಿ. ಟೋಲ್ ಗೇಟಿನ ಕ್ಯಾಮೆರಾ, ಪೆಟ್ರೋಲ್ ಬಂಕಿನ ಕ್ಯಾಮೆರಾ ನೋಡಲು ಠಾಣೆಗೆ ಲಿಖಿತವಾಗಿ ಕೇಳಿಕೊಳ್ಳಿ. ತಡವಾದರೆ ಚಿತ್ರ ಅಳಿಸಿಹೋಗುತ್ತದೆ. ಲಾರಿ ಸಿಕ್ಕಿದರೆ ಮೋಟಾರು ಅಪಘಾತ ನ್ಯಾಯಮಂಡಳಿಯಲ್ಲಿ 166ನೇ ಕಲಮಿನಡಿ ಅರ್ಜಿ ಹಾಕಬಹುದು. ಅಪಘಾತವಾದ ಆರು ತಿಂಗಳೊಳಗೆ ಹಾಕಿಬಿಡಿ. ಅಲ್ಲಿ ಆಸ್ಪತ್ರೆ ಖರ್ಚು, ಹೋದ ದುಡಿಮೆ, ಕಾಲಿನ ಶಕ್ತಿ ಎಷ್ಟು ಕುಂದಿದೆ ಎಂಬುದು, ಎಲ್ಲ ಲೆಕ್ಕಕ್ಕೆ ಬರುತ್ತದೆ. ಮೊದಲು ಪಡೆದ 50,000ವನ್ನು ಅದರಲ್ಲಿ ಕಳೆಯುತ್ತಾರೆ. ಗಂಡನ ದುಡಿಮೆ ತೋರಿಸುವಾಗ ಕರ್ತವ್ಯ ಭತ್ಯೆ ಬ್ಯಾಂಕಿಗೆ ಬಂದ ದಾಖಲೆ ಕೊಡಿ. ಬಡಗಿ ಕೆಲಸ ಕೊಟ್ಟವರಿಂದಲೂ ಒಂದು ಚೀಟಿ ಬರೆಸಿಕೊಳ್ಳಿ. ಎರಡೂ ಸೇರಿದ್ದೇ ಅವರ ಆದಾಯ.

ಅಪಘಾತ 2025ರ ಮೇ 5ರ ನಂತರದ್ದಾದರೆ ಇನ್ನೊಂದು ಅನುಕೂಲ ಇದೆ. ಕೇಂದ್ರದ ಯೋಜನೆಯಂತೆ ಮೊದಲ ಏಳು ದಿನ, 1.5 ಲಕ್ಷ ರೂಪಾಯಿವರೆಗೆ, ಗೊತ್ತುಪಡಿಸಿದ ಆಸ್ಪತ್ರೆಯಲ್ಲಿ ದುಡ್ಡು ಕಟ್ಟದೆ ಚಿಕಿತ್ಸೆ ಪಡೆಯಬಹುದು. ಆಸ್ಪತ್ರೆಯವರು ಅದನ್ನು ಬಳಸಿದ್ದಾರಾ ಎಂದು ಬಿಲ್ಲು ನೋಡಿ ಕೇಳಿ.

ಗೃಹರಕ್ಷಕ ದಳದ ಕಡೆಯಿಂದ ಸಿಗುವ ನೆರವಿಗೆ ಬೇರೆ ಅರ್ಜಿ ಬೇಕು. ಘಟಕಾಧಿಕಾರಿಯ ಮೂಲಕ ಜಿಲ್ಲಾ ಸಮಾದೇಷ್ಟರಿಗೆ ಬರೆಯಿರಿ, ಸ್ವೀಕೃತಿಯ ಸಹಿ ಪಡೆಯಿರಿ. ಆ ರಾತ್ರಿಯ ನಿಯೋಜನೆ ಆದೇಶದ ಪ್ರತಿಯನ್ನು ಎರಡೂ ಅರ್ಜಿಗೆ ಲಗತ್ತಿಸಿ. ತಾಲ್ಲೂಕು ಕಾನೂನು ಸೇವಾ ಸಮಿತಿ ನಿಮ್ಮಲ್ಲಿಯ ಕೋರ್ಟಿನ ಆವರಣದಲ್ಲೇ ಇರುತ್ತದೆ. ಹೆಂಗಸರಿಗೆ ಅಲ್ಲಿ ಆದಾಯದ ಮಿತಿ ಇಲ್ಲದೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಅರ್ಜಿ ತುಂಬುವುದು ಕಷ್ಟವಾದರೆ ಕಾಗದಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಅಲ್ಲಿಗೆ ಹೋಗಿ.